ಎಳೆ ಎಣಿಸುವ ಕಣ್ಣು, ಬಾಗಿದ ಕತ್ತು: ಕಸೂತಿ ಹಾಕುವವರಿಗೆ ದಿನನಿತ್ಯದ ಆರೈಕೆ

ಉತ್ತರ ಕರ್ನಾಟಕದ ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಗವಂತಿಯಿರಲಿ, ಮುರ್ಗಿಯಿರಲಿ, ನೇಗಿಯಿರಲಿ, ಮೆಂತಿಯಿರಲಿ, ಈ ನಾಲ್ಕು ಹೊಲಿಗೆಗಳಲ್ಲಿ ಯಾವುದೇ ಆದರೂ ಬಟ್ಟೆಯ ಎಳೆಗಳನ್ನು ಎಣಿಸಿಯೇ ಸೂಜಿ ಚುಚ್ಚಬೇಕು. ಒಂದು ಎಳೆ ತಪ್ಪಿದರೂ ಗೋಪುರದ ಚಿತ್ತಾರದ ಸಾಲು ವಾರೆಯಾಗುತ್ತದೆ. ಹೀಗೆ ಎಣಿಸುತ್ತ ಕುಳಿತವರು ತಮಗೆ ತಿಳಿಯದಂತೆಯೇ ಕತ್ತು ಬಗ್ಗಿಸಿ, ಬಟ್ಟೆಯನ್ನು ಮುಖದ ಹತ್ತಿರಕ್ಕೆ ತಂದುಕೊಂಡು, ರೆಪ್ಪೆ ಮಿಟುಕಿಸುವುದನ್ನೂ ಕಡಿಮೆ ಮಾಡುತ್ತಾರೆ. ವರ್ಷಗಟ್ಟಲೆ ಈ ಕೆಲಸ ಮಾಡಿದ ನನಗೆ ಕತ್ತು ಮತ್ತು ಬಲ ಭುಜದ ನೋವು, ಸಂಜೆಯ ಹೊತ್ತಿಗೆ ಕಣ್ಣುರಿ ಹಾಗೂ ಹಣೆಯ ಭಾರ ದಿನದ ಸಂಗತಿಗಳಾಗಿವೆ. ಕೆಲಸ ಬಿಡದೆ ಇವುಗಳನ್ನು ಹತೋಟಿಯಲ್ಲಿಡಲು ನನಗೆ ನೆರವಾದ ಕ್ರಮಗಳನ್ನು ಇಲ್ಲಿ ಬರೆದಿದ್ದೇನೆ.

ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ ನೋವನ್ನು ವೈದ್ಯರು ದೀರ್ಘಕಾಲದ ನೋವು ಎಂದು ಪರಿಗಣಿಸುತ್ತಾರೆ. ಇಂಥ ನೋವಿನಲ್ಲಿ ನರಮಂಡಲವೇ ಹೆಚ್ಚು ಸೂಕ್ಷ್ಮವಾಗಿರಬಹುದಾದ್ದರಿಂದ, ನೋವು ಹೆಚ್ಚಾದಾಗಲೆಲ್ಲ ಹೊಸ ಗಾಯವಾಗಿದೆಯೆಂದು ಅರ್ಥವಲ್ಲ. ಆದರೆ ನೋವು ಬರುವವರೆಗೆ ದುಡಿದು, ಬಂದ ಮೇಲೆ ಎರಡು ದಿನ ಮಲಗಿ, ಕಡಿಮೆಯಾದೊಡನೆ ಬಾಕಿ ಕೆಲಸವನ್ನೆಲ್ಲ ಒಂದೇ ದಿನದಲ್ಲಿ ಮುಗಿಸಲು ಹೋಗುವ ಅಭ್ಯಾಸ ಅದನ್ನು ಬೆಳೆಸುತ್ತದೆ. ಆದ್ದರಿಂದ ನೋವು ಶುರುವಾಗುವ ಮೊದಲೇ ಏಳುವುದು ಎಲ್ಲಕ್ಕಿಂತ ಮುಖ್ಯ.

ಇದಕ್ಕೆ ಗಡಿಯಾರಕ್ಕಿಂತ ದಾರವೇ ಒಳ್ಳೆಯ ಅಳತೆಯೆಂಬುದು ನನ್ನ ಅನುಭವ, ಏಕೆಂದರೆ ಸಾಲಿನ ನಡುವೆ ಗಂಟೆ ಬಾರಿಸಿದರೆ ಎಣಿಕೆ ತಪ್ಪೀತೆಂದು ನಾವು ಏಳುವುದೇ ಇಲ್ಲ. ದಾರ ಮುಗಿದಾಗಲಾದರೋ ಸೂಜಿ ತಾನಾಗಿಯೇ ನಿಲ್ಲುತ್ತದೆ. ಮೊದಲು ಒಂದು ದಾರ ಎಷ್ಟು ಹೊತ್ತು ಬರುತ್ತದೆಯೆಂದು ನೋಡಿಕೊಳ್ಳಿ. 20 ನಿಮಿಷಕ್ಕಿಂತ ಹೆಚ್ಚು ಬಂದರೆ ದಾರವನ್ನು ಇನ್ನಷ್ಟು ಗಿಡ್ಡವಾಗಿ ಕತ್ತರಿಸಿ. ಬಳಿಕ ಎರಡು ಮೂರು ದಿನ, ಎಷ್ಟನೆಯ ದಾರಕ್ಕೆ ನೋವು ತಲೆಯೆತ್ತುತ್ತದೆಯೆಂದು ಬರೆದಿಡಿ. ಮೂರನೆಯದಕ್ಕೆ ನೋವು ಬರುವುದಾದರೆ ಎರಡನೆಯದಕ್ಕೇ ಬಟ್ಟೆ ಮಡಚಿ, ಅರ್ಧ ಗಂಟೆಯಾದರೂ ಬೇರೆ ಕೆಲಸ ಮಾಡಿ. ನೋವಿಲ್ಲದ ದಿನವೂ ಈ ಮಿತಿಯನ್ನು ಮೀರಬೇಡಿ. ಒಂದೆರಡು ವಾರ ನೆಮ್ಮದಿಯಾಗಿ ಕಳೆದ ಮೇಲೆ ದಿನದ ಒಟ್ಟು ಮಿತಿಗೆ ಒಂದು ದಾರವನ್ನು ಮಾತ್ರ ಸೇರಿಸಿ.

ಪ್ರತಿ ದಾರದ ಕೊನೆಗೂ ಎದ್ದು ನಿಂತು, ಅಂಗಳದಾಚೆಯ ಮರವನ್ನೋ ಎದುರು ಮನೆಯ ಮಾಡನ್ನೋ, ಅಂದರೆ 20 ಅಡಿಗಿಂತ ದೂರದ ಏನನ್ನಾದರೂ, 20 ಸೆಕೆಂಡಾದರೂ ನೋಡಿ. ಹತ್ತಿರದ್ದನ್ನು ನೋಡುವಾಗ ಬಿಗಿಯಾಗುವ ಕಣ್ಣಿನೊಳಗಿನ ಸ್ನಾಯು ದೂರ ನೋಡಿದಾಗ ಸಡಿಲಗೊಳ್ಳುತ್ತದೆ. ಆಗಲೇ ಹತ್ತು ಸಲ ನಿಧಾನವಾಗಿ, ರೆಪ್ಪೆ ಪೂರ್ತಿ ಮುಚ್ಚುವಂತೆ ಮಿಟುಕಿಸಿ. ಗದ್ದವನ್ನು ನೇರವಾಗಿ ಹಿಂದಕ್ಕೆ ಸರಿಸಿ ಐದು ಎಣಿಸಿ ಬಿಡಿ. ಬೆನ್ನ ಹಿಂದಿನ ಎರಡೂ ರೆಕ್ಕೆಮೂಳೆಗಳನ್ನು ಒಂದಕ್ಕೊಂದು ಹತ್ತಿರ ತಂದು ಬಿಡಿ. ಐದೈದು ಸಲ ಸಾಕು, ನೋಯುವಷ್ಟು ಎಳೆಯಬಾರದು.

ಬೆಳಕಿನ ವಿಷಯದಲ್ಲಿ ನಾವು ತೋರುವ ಅಸಡ್ಡೆಗೆ ಕಣ್ಣು ಬೆಲೆ ತೆರುತ್ತದೆ. ಚಂದ್ರಕಾಳಿಯೆಂಬ ಕಪ್ಪು ಸೀರೆಯ ಮೇಲೆ ಎಳೆ ಎಣಿಸುವುದನ್ನು ಹಗಲಿಗೇ ಮೀಸಲಿಡಿ. ತೊಡೆಯ ಮೇಲೆ ಬಿಳಿ ಬಟ್ಟೆ ಹಾಸಿ ಅದರ ಮೇಲೆ ಸೀರೆಯನ್ನು ಹಿಡಿದರೆ ಎಳೆಗಳ ನಡುವಿನ ಸಂದು ಎದ್ದು ಕಾಣುತ್ತದೆ. ಸಂಜೆ ಹಾಕಲೇಬೇಕಾದರೆ ತಿಳಿಬಣ್ಣದ ಬಟ್ಟೆಯನ್ನು ಎತ್ತಿಕೊಳ್ಳಿ. ಬಲಗೈಯವರಿಗೆ ದೀಪ ಎಡಗಡೆ ಇರಬೇಕು, ಇಲ್ಲದಿದ್ದರೆ ಕೈಯ ನೆರಳು ಹೊಲಿಗೆಯ ಮೇಲೆ ಬೀಳುತ್ತದೆ. ಫ್ಯಾನಿನ ಗಾಳಿ ನೇರವಾಗಿ ಮುಖಕ್ಕೆ ಬಡಿದರೆ ಕಣ್ಣು ಬೇಗ ಒಣಗುತ್ತದೆ.

ನೆಲದ ಮೇಲೆ ಕೂರುವುದು ತಪ್ಪಲ್ಲ, ಆದರೆ ಬೆನ್ನಿಗೆ ಗೋಡೆಯಿರಲಿ, ತೊಡೆಯ ಮೇಲೆ ದಪ್ಪ ದಿಂಬಿರಲಿ. ತಲೆಯ ತೂಕ ಸುಮಾರು 5 ಕಿಲೋ ಇದ್ದು, ಕತ್ತು ಬಗ್ಗಿದಷ್ಟೂ ಹಿಂಬದಿಯ ಸ್ನಾಯುಗಳು ಹೊರಬೇಕಾದ ಭಾರ ಹೆಚ್ಚುವುದರಿಂದ, ತಲೆಯನ್ನು ಕೆಲಸದತ್ತ ಇಳಿಸುವ ಬದಲು ಕೆಲಸವನ್ನೇ ಮೇಲಕ್ಕೆ ತರಬೇಕು. ಜೋಳದ ರೊಟ್ಟಿ ಬಡಿಯುವುದಕ್ಕೂ ಇದೇ ಭುಜ ದುಡಿಯುತ್ತದೆ ಎಂಬುದನ್ನು ಮನೆಯವರಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ರೊಟ್ಟಿ ಬಡಿದೆದ್ದ ಕೂಡಲೇ ಸೂಜಿ ಹಿಡಿಯಬೇಡಿ.

ನಲವತ್ತು ದಾಟಿದವರಿಗೆ ಚಾಳೀಸು, ಅಂದರೆ ಹತ್ತಿರದ್ದನ್ನು ನೋಡುವ ಕನ್ನಡಕ, ಬೇಕಾಗುವುದು ಸಹಜ. ಸಂತೆಯಲ್ಲಿ ಸಿಗುವ ಸಿದ್ಧ ಕನ್ನಡಕದ ಎರಡೂ ಗಾಜುಗಳ ಶಕ್ತಿ ಸಾಮಾನ್ಯವಾಗಿ ಒಂದೇ ಆಗಿರುತ್ತದೆ, ನಮ್ಮ ಎರಡು ಕಣ್ಣುಗಳು ಹಾಗಿರಬೇಕೆಂದೇನಿಲ್ಲ. ಕಣ್ಣಿನ ಪರೀಕ್ಷೆಗೆ ಹೋಗುವ ಮೊದಲು, ಕಸೂತಿ ಹಾಕುವಾಗ ಕಣ್ಣಿಗೂ ಬಟ್ಟೆಗೂ ಇರುವ ಅಂತರವನ್ನು ಅಳತೆಯ ಟೇಪಿನಿಂದ ಅಳೆಸಿಕೊಂಡು ಹೋಗಿ, ಆ ಅಂತರಕ್ಕೆ ಹೊಂದುವ ಕನ್ನಡಕ ಕೇಳಿ.

ಬಿಗಿದ ಭುಜಕ್ಕೆ ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡುವುದು ಹಿತ ನೀಡುತ್ತದೆ. ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳದೆ ದಿನವೂ ನುಂಗಿದರೆ ಹೊಟ್ಟೆ ಮತ್ತು ಮೂತ್ರಪಿಂಡಕ್ಕೆ ಹಾನಿಯಾಗಬಹುದು, ತಲೆನೋವು ಮಾತ್ರೆಯಿಂದಲೇ ಮರುಕಳಿಸುವುದೂ ಉಂಟು. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಕಣ್ಣಿನ ಹನಿಗಳ ಬಗ್ಗೆ ನನಗೆ ನಿಜವಾದ ಭಯವಿದೆ: ಕೆಲವುಗಳಲ್ಲಿ ಸ್ಟೀರಾಯ್ಡ್ ಇದ್ದು, ಕೆಂಪು ಬೇಗ ಇಳಿದರೂ ದೀರ್ಘಕಾಲ ಬಳಸಿದರೆ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿಯೇ ಹೋಗಬಹುದು. ಜೇನುತುಪ್ಪ, ಹರಳೆಣ್ಣೆಗಳನ್ನೂ ಕಣ್ಣಿಗೆ ಹಾಕಬೇಡಿ.

ದೃಷ್ಟಿ ಇದ್ದಕ್ಕಿದ್ದಂತೆ ಮಸುಕಾದರೆ, ಕಣ್ಣು ಕೆಂಪಾಗಿ ತೀವ್ರವಾಗಿ ನೋಯುತ್ತ ದೀಪದ ಸುತ್ತ ಬಣ್ಣದ ಬಳೆ ಕಂಡರೆ, ಮಿಂಚಿನ ಜೊತೆ ಕಪ್ಪು ಚುಕ್ಕೆಗಳು ಒಮ್ಮೆಲೇ ಹೆಚ್ಚಿದರೆ ಅಂದೇ ಕಣ್ಣಾಸ್ಪತ್ರೆಗೆ ಹೋಗಬೇಕು. ಕೈ ಜೋಮು ಹಿಡಿದು ಸೂಜಿ ಜಾರತೊಡಗಿದರೂ ವೈದ್ಯರಿಗೆ ತೋರಿಸುವುದನ್ನು ಮುಂದೂಡಬಾರದು. ನಡಿಗೆ ತೊಡರಿದರೆ, ಅಥವಾ ಎದೆಯ ಬಿಗಿತದೊಂದಿಗೆ ಭುಜ ನೋಯ್ದರೆ ಒಂದು ಗಳಿಗೆಯೂ ಕಾಯಬಾರದು.

ಇಷ್ಟೆಲ್ಲ ಪಾಲಿಸಲು ಸಮಯ ಬೇಕು, ಆ ಸಮಯವನ್ನು ಕೆಲಸ ಒಪ್ಪಿಕೊಳ್ಳುವಾಗಲೇ ಕೇಳಿ ಪಡೆಯಬೇಕು. ಸೆರಗಿನ ಒಂದು ತೇರಿನ ಚಿತ್ತಾರಕ್ಕೆ ಎಷ್ಟು ದಾರ ಹಿಡಿಯಿತೆಂದು ಬರೆದಿಟ್ಟರೆ ಇಡೀ ಸೀರೆಯ ಲೆಕ್ಕ ಸಿಗುತ್ತದೆ. ಅದನ್ನು ನಿಮ್ಮ ದಿನದ ಮಿತಿಯಿಂದ ಭಾಗಿಸಿ, ನೋವಿನ ದಿನಗಳಿಗೆಂದು ವಾರಕ್ಕೊಂದು ದಿನ ಸೇರಿಸಿ, ಬಂದ ದಿನಾಂಕವನ್ನೇ ಸೀರೆ ಕೊಟ್ಟವರಿಗೆ ಹೇಳಿ.