ಶಾರ್ತ್ರ್‌ನ ಕಿಟಕಿಯನ್ನು ಕೆಳಗಿನಿಂದ ಓದಿ

ಅಮ್ಮನನ್ನು ಫ್ರಾನ್ಸಿನ ಶಾರ್ತ್ರ್ ಊರಿನ ದೊಡ್ಡ ಚರ್ಚು, ಅಂದರೆ ಕ್ಯಾಥೆಡ್ರಲ್‌ಗೆ ಕರೆದುಕೊಂಡು ಹೋದ ದಿನ ನಾನು ಕಥೆಯನ್ನು ಉಲ್ಟಾ ಹೇಳಿಬಿಟ್ಟೆ. ಬೈಬಲಿನ ಕಥೆಯೊಂದನ್ನು ಚಿತ್ರಿಸಿದ ಬಣ್ಣದ ಗಾಜಿನ ಕಿಟಕಿಯನ್ನು ಮೇಲಿನಿಂದ ನೋಡುತ್ತಾ ಇಳಿದೆ. ಛತ್ರದಲ್ಲಿದ್ದ ಗಾಯಾಳುವನ್ನು ದಾರಿಯಲ್ಲಿ ತಂದು ಮಲಗಿಸಿದರು, ಆಮೇಲೆ ಕಳ್ಳರು ಬಂದರು, ಆಮೇಲೆ ಅವನು ಊರು ಸೇರಿದ. ‘ಕಳ್ಳರು ಹೊಡೆದ ಮೇಲೆ ಹುಷಾರಾದನೇನೋ?’ ಅಂದರು ಅಮ್ಮ.

13ನೇ ಶತಮಾನದ ಫ್ರೆಂಚ್ ಕಿಟಕಿಗಳನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ, ಎಡದಿಂದ ಬಲಕ್ಕೆ ಓದಬೇಕು. ರಂಗೋಲಿಯಂತೆ ಸುತ್ತಿಕೊಂಡ ಚಿತ್ರಗಳಿದ್ದರೂ ಅಷ್ಟೇ.

ಪ್ಯಾರಿಸ್‌ನ ಮೋಂಪಾರ್ನಾಸ್ ನಿಲ್ದಾಣದಿಂದ ಶಾರ್ತ್ರ್‌ಗೆ ರೈಲಿನಲ್ಲಿ ಒಂದು ಗಂಟೆ, ಹೆಚ್ಚೆಂದರೆ ಸ್ವಲ್ಪ ಜಾಸ್ತಿ. ಒಂದು ಸಾದಾ ಬೈನಾಕ್ಯುಲರ್ ಇಟ್ಟುಕೊಳ್ಳಿ. ಒಳಗೆ 170ಕ್ಕೂ ಹೆಚ್ಚು ಕಿಟಕಿಗಳಿವೆ. ಎಲ್ಲಾ ನೋಡಲು ಹೋದರೆ ಕತ್ತು ನೋವೇ ಗತಿ. ಒಂದನ್ನೇ ಹಿಡಿಯಿರಿ. ಪಶ್ಚಿಮದ ಬಾಗಿಲಿಂದ ಬಂದು ಬಲಗಡೆ ಮೂರನೆಯದು, ಒಳ್ಳೆಯ ಸಮಾರ್ಯದವನ ಕಥೆ. ಕಳ್ಳರು ಹೊಡೆದು ಬಿಟ್ಟುಹೋದ ದಾರಿಹೋಕನನ್ನು ಸಮಾರ್ಯ ಸೀಮೆಯವನೊಬ್ಬ ಎತ್ತಿ ಛತ್ರಕ್ಕೆ ಸೇರಿಸಿದ ಎಂದು ಯೇಸು ಹೇಳಿದ ಕಥೆ.

ತೀರಾ ಕೆಳಗೆ ದೇವರಿಲ್ಲ, ಬೂಟು ಹೊಲಿಯುವವರಿದ್ದಾರೆ! ಕಿಟಕಿ ಮಾಡಿಸಿಕೊಟ್ಟವರು ಅವರೇ. ನಮ್ಮೂರ ದೇವಸ್ಥಾನದ ಟ್ಯೂಬ್‌ಲೈಟ್ ಮೇಲೆ ದಾನಿಯ ಹೆಸರು ಬರೆಸುತ್ತಾರಲ್ಲ, ಹಾಗೆ. ಅವರನ್ನು ದಾಟಿದ ಮೇಲೆ ಯೆರೂಸಲೇಮಿನಿಂದ ಹೊರಟವನು, ಕಳ್ಳರು, ನೋಡಿಯೂ ನೋಡದಂತೆ ಹೋದವರು, ಕೊನೆಗೆ ಸಮಾರ್ಯದವನು. ಅರ್ಧಕ್ಕೆ ಬಂದಾಗ ಇದ್ದಕ್ಕಿದ್ದಂತೆ ಆದಾಮ, ಹವ್ವ. ಕಿಟಕಿ ತಪ್ಪಿತೇನೋ ಎಂದುಕೊಳ್ಳಬೇಡಿ. ಪೆಟ್ಟು ತಿಂದು ಬಿದ್ದವನು ಆದಾಮನ ಮಗನಾದ ಮನುಷ್ಯ, ಎತ್ತಿದವನು ಕ್ರಿಸ್ತ ಎಂದು ಆಗಿನ ಪಾದ್ರಿಗಳು ಹೇಳುತ್ತಿದ್ದರು. ಅದಕ್ಕೇ ಇಲ್ಲಿ ಎರಡು ಕಥೆಗಳನ್ನೂ ಒಂದರ ಮೇಲೊಂದು ಜೋಡಿಸಿದ್ದಾರೆ.

ಈಗ ಬೈನಾಕ್ಯುಲರ್‌ನಲ್ಲಿ ಒಂದೇ ಒಂದು ಮುಖ ನೋಡಿ. ಕಪ್ಪು ಗೆರೆಗಳು ಎರಡು ಜಾತಿ. ದಪ್ಪಗಿರುವುದು ಸೀಸದ ಪಟ್ಟಿ, ಗಾಜಿನ ಚೂರುಗಳನ್ನು ಹಿಡಿದಿರುವುದು ಅದು. ಕಣ್ಣು, ಮೂಗು, ಸೆರಗಿನ ಮಡಿಕೆಗಳ ಸಣ್ಣ ಗೆರೆ ಮಾತ್ರ ಕುಂಚದ್ದು. ಲೋಹದ ಆಕ್ಸೈಡ್ ಮತ್ತು ಗಾಜಿನ ಪುಡಿ ಕಲಸಿ ಬಳಿದು ಕುಲುಮೆಯಲ್ಲಿ ಸುಟ್ಟದ್ದು. ಇದಕ್ಕೆ ಗ್ರಿಸಾಯ್ ಎನ್ನುತ್ತಾರೆ. ಕೆಂಪು, ನೀಲಿ ಬಳಿದ ಬಣ್ಣವಲ್ಲ, ಗಾಜು ಕರಗಿಸುವಾಗಲೇ ಬೆರೆತದ್ದು. ನನಗಂತೂ ಇದು ತಿಳಿಯಲು ಮೂರು ಸಲ ಹೋಗಬೇಕಾಯಿತು.

ಬೇರೆ ಚರ್ಚಿಗೆ ಹೋದರೆ ಇನ್ನೊಂದು ಗುರುತು ಉಪಯೋಗಕ್ಕೆ ಬರುತ್ತದೆ. ಒಂದೇ ಚೂರಿನಲ್ಲಿ, ನಡುವೆ ಸೀಸವಿಲ್ಲದೆ, ಬಿಳಿ ಮುಖಕ್ಕೆ ಹಳದಿ ಕೂದಲು ಕಂಡರೆ ಅದು ಬೆಳ್ಳಿಯ ಹಳದಿ, ಅಂದರೆ ಬೆಳ್ಳಿಯ ಲವಣ ಬಳಿದು ಸುಟ್ಟು ತಂದ ಬಣ್ಣ. ಫ್ರಾನ್ಸಿನಲ್ಲಿ ಅದು ಶುರುವಾದದ್ದು 1300ರ ಆಸುಪಾಸಿನಲ್ಲಿ. ಅಂದರೆ ಆ ಕಿಟಕಿ ಸಮಾರ್ಯದವನ ಕಿಟಕಿಗಿಂತ ಈಚಿನದು.

ಹೊರಡುವ ಮುಂಚಿನ ಕಾಲು ಗಂಟೆ ಉಳಿಸಿಕೊಂಡು ಬಲಗಡೆಯಿಂದಲೇ ಇನ್ನೂ ಒಳಕ್ಕೆ ಹೋಗಿ. 1194ರಲ್ಲಿ ಈ ಚರ್ಚಿಗೆ ಬಿದ್ದ ಬೆಂಕಿಯಲ್ಲೂ ಉಳಿದ ಗಾಜಿನ ನೀಲಿ ಮರಿಯಮ್ಮ, ಯೇಸುವಿನ ತಾಯಿ, ಅಲ್ಲಿದ್ದಾಳೆ. ಸಂಜೆ ಮಬ್ಬಾದಂತೆ ಕೆಂಪು ಮೊದಲು ಕಪ್ಪಾಗುತ್ತದೆ, ನೀಲಿ ಉಳಿಯುತ್ತದೆ. ಅಮ್ಮ ಅಲ್ಲೇ ಕೂತುಬಿಟ್ಟರು. ನಮ್ಮ ರೈಲು ತಪ್ಪಿತು.