ಇಂಗ್ಲಿಷ್ ಬರುತ್ತೆ, ಆದರೆ ಪದ ಸಾಲಲ್ಲ ಅನ್ನುವ ಕನ್ನಡದವರಿಗೆ

ಕನ್ನಡ ಮೀಡಿಯಂನಲ್ಲಿ ಓದಿ, ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರಿದ ಬಹಳ ಜನ ಇಂಗ್ಲಿಷಿನಲ್ಲಿ ಒಂದು ಮಟ್ಟಕ್ಕೆ ಬಂದು ನಿಂತುಬಿಡುತ್ತಾರೆ. ಮೀಟಿಂಗಿನಲ್ಲಿ ಮಾತಾಡುತ್ತಾರೆ, ಮೇಲ್ ಬರೆಯುತ್ತಾರೆ, ಎದುರಿನವರು ಹೇಳಿದ್ದು ಅರ್ಥವಾಗುತ್ತದೆ. ಆದರೆ ಇಂಗ್ಲಿಷ್ ಪೇಪರಿನ ಸಂಪಾದಕೀಯವೋ, ಹೈಕೋರ್ಟಿನ ತೀರ್ಪೋ, ವಿದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ಓದುವ ಭಾಗವೋ ಮುಂದೆ ಬಂದರೆ ಸಾಲಿಗೊಂದು ಪದ ಅಡ್ಡ ಬರುತ್ತದೆ. ಬರೆಯಲು ಕೂತರೂ ಅದೇ ಗುಡ್, ಬ್ಯಾಡ್, ಇಂಪಾರ್ಟೆಂಟ್, ಪ್ರಾಬ್ಲಂ. ಆಗ ಎಲ್ಲರಿಗೂ ಹೊಳೆಯುವುದು ಒಂದೇ ದಾರಿ: ಕಷ್ಟದ ಪದಗಳ ಪಟ್ಟಿ ತಂದು 'ಎ' ಅಕ್ಷರದಿಂದ ಉರು ಹೊಡೆಯುವುದು. 'ಬಿ' ಬರುವಷ್ಟರಲ್ಲಿ ಉತ್ಸಾಹ ಇಳಿದಿರುತ್ತದೆ, ನೆನಪಿನಲ್ಲಿ ಉಳಿದದ್ದೂ ಬರೆಯುವಾಗ ಕೈಗೆ ಬರುವುದಿಲ್ಲ.

ಇದಕ್ಕಿಂತ ಒಳ್ಳೆಯ ದಾರಿ ಇದೆ, ಮತ್ತು ಅದು ಕನ್ನಡದ ಮೂಲಕವೇ ಹೋಗುತ್ತದೆ. 'ಕನ್ನಡದಲ್ಲಿ ಯೋಚನೆ ಮಾಡೋದು ನಿಲ್ಲಿಸಿ' ಅಂತ ಸ್ಪೋಕನ್ ಇಂಗ್ಲಿಷ್ ಕ್ಲಾಸುಗಳಲ್ಲಿ ಹೇಳುತ್ತಾರಲ್ವಾ, ಅದನ್ನು ನಾನು ಒಪ್ಪುವುದಿಲ್ಲ. ನಿಮಗೆ ಈಗಾಗಲೇ ಚೆನ್ನಾಗಿ ಗೊತ್ತಿರುವ ಒಂದು ಭಾಷೆಯನ್ನು ಬಾಗಿಲ ಹೊರಗೆ ನಿಲ್ಲಿಸಿ ಇನ್ನೊಂದನ್ನು ಸೊನ್ನೆಯಿಂದ ಕಟ್ಟುವುದು ಸುಮ್ನೆ ಕಷ್ಟ.

ಮೊದಲು ಯಾವ ಪದ ಕಲಿಯಬೇಕು ಅನ್ನೋದು. ಪದ ಕಲಿಕೆಯ ಬಗ್ಗೆ ಜೀವಮಾನವಿಡೀ ಕೆಲಸ ಮಾಡಿದ ನ್ಯೂಜಿಲೆಂಡಿನ ಪಾಲ್ ನೇಷನ್ 2006ರಲ್ಲಿ ಒಂದು ಲೆಕ್ಕ ಕೊಟ್ಟರು. ಇಂಗ್ಲಿಷ್ ಕಾದಂಬರಿ ಅಥವಾ ಪತ್ರಿಕೆಯನ್ನು ಯಾರ ಸಹಾಯವೂ ಇಲ್ಲದೆ ಓದಲು 8,000ದಿಂದ 9,000 ಪದಕುಟುಂಬಗಳು ಬೇಕು. ಪದಕುಟುಂಬ ಅಂದರೆ ಡೆವಲಪ್, ಡೆವಲಪರ್, ಡೆವಲಪ್‌ಮೆಂಟ್ ಇವೆಲ್ಲ ಸೇರಿ ಒಂದು. ಸಂಖ್ಯೆ ನೋಡಿ ಹೆದರಬೇಡಿ, ಅದರಲ್ಲಿ ಮೊದಲ ಎರಡು ಮೂರು ಸಾವಿರ ನಿಮಗೆ ಆಗಲೇ ಬರುತ್ತದೆ. ಅದರ ಮುಂದಿನ ಮೆಟ್ಟಿಲಿಗೆ ಒಂದು ಒಳ್ಳೆಯ ಪಟ್ಟಿ ಇದೆ. ಎವ್ರಿಲ್ ಕಾಕ್ಸ್‌ಹೆಡ್ ಎಂಬ ಭಾಷಾಶಾಸ್ತ್ರಜ್ಞೆ 2000ನೇ ಇಸವಿಯಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್. ಅದರಲ್ಲಿರುವುದು 570 ಕುಟುಂಬಗಳು ಮಾತ್ರ, ಆದರೆ ಯಾವ ವಿಷಯದ ಶೈಕ್ಷಣಿಕ ಪಠ್ಯವೇ ಆಗಲಿ, ಅದರ ಪದಗಳಲ್ಲಿ ಸುಮಾರು ಹತ್ತನೇ ಒಂದು ಭಾಗ ಈ ಪಟ್ಟಿಯಲ್ಲೇ ಸಿಗುತ್ತದೆ. ಅಸ್ಯೂಮ್, ಡಿರೈವ್, ಸಬ್ಸಿಕ್ವೆಂಟ್, ಕನ್‌ಸ್ಟ್ರೇನ್ ಇಂಥವು. ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಇವು ಗಟ್ಟಿಯಾಗುವ ತನಕ, ವರ್ಷಕ್ಕೊಮ್ಮೆಯೂ ಕಣ್ಣಿಗೆ ಬೀಳದ ಅಲಂಕಾರದ ಪದಗಳ ತಂಟೆಗೆ ಹೋಗಬೇಡಿ. ಪಟ್ಟಿಯನ್ನು ಬಾಯಿಪಾಠ ಮಾಡಿ ಅಂತಲೂ ನಾನು ಹೇಳುತ್ತಿಲ್ಲ. ಓದುವಾಗ ಸಿಕ್ಕ ಹೊಸ ಪದ ಈ ಪಟ್ಟಿಯಲ್ಲಿ ಇದೆಯಾ ನೋಡಿ, ಇದ್ದರೆ ಅದನ್ನು ಬಿಡಬೇಡಿ, ಅಷ್ಟೇ. ಇದರ ಜೊತೆಗೆ ನಿಮ್ಮ ಕಸುಬಿನ ಪದಗಳು ಬೇಕು. ನರ್ಸ್ ಆಗಿರುವವರಿಗೂ ವಕೀಲರಿಗೂ ಒಂದೇ ಪಟ್ಟಿ ಸಾಲುವುದಿಲ್ಲ.

ಇನ್ನು ಓದುವುದು. ಬೆಂಗಳೂರಿನವರಿಗೆ ಕೈಯಳತೆಯಲ್ಲೇ ಇರುವ ಒಂದು ಉಪಾಯವನ್ನು ಬಹಳ ಜನ ಬಳಸುವುದೇ ಇಲ್ಲ. ಪ್ರಜಾವಾಣಿ ಮತ್ತು ಡೆಕ್ಕನ್ ಹೆರಾಲ್ಡ್ ಎರಡೂ 1948ರಲ್ಲಿ ಒಂದೇ ಸಂಸ್ಥೆಯಿಂದ ಇಲ್ಲೇ ಶುರುವಾದವು. ಊರಿನ ಒಂದೇ ಸುದ್ದಿ ಎರಡರಲ್ಲೂ ಬರುತ್ತದೆ. ಮೊದಲು ಕನ್ನಡದ ವರದಿ ಓದಿ, ಏನಾಯಿತು ಅನ್ನೋದು ತಲೆಯಲ್ಲಿ ಕೂರಲಿ. ಆಮೇಲೆ ಅದೇ ಸುದ್ದಿಯ ಇಂಗ್ಲಿಷ್ ವರದಿ ಓದಿ. ವಿಷಯ ಗೊತ್ತಿರುವುದರಿಂದ ಗಮನವೆಲ್ಲ ಪದದ ಮೇಲೆ ನಿಲ್ಲುತ್ತದೆ, ಡಿಕ್ಷನರಿ ತೆಗೆಯುವ ಮೊದಲೇ ಅರ್ಧ ಅರ್ಥ ಹೊಳೆದಿರುತ್ತದೆ.

ಉದಾಹರಣೆಗೆ 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಕಡೆ ನೀರು ನುಗ್ಗಿತ್ತಲ್ಲ, ಆ ಸುದ್ದಿಗಳನ್ನೇ ಹುಡುಕಿ ನೋಡಿ. ಕನ್ನಡದಲ್ಲಿ ಒತ್ತುವರಿ ಅಂದದ್ದು ಅಲ್ಲಿ ಎನ್‌ಕ್ರೋಚ್‌ಮೆಂಟ್, ರಾಜಕಾಲುವೆ ಅಂದದ್ದು ಸ್ಟಾರ್ಮ್ ವಾಟರ್ ಡ್ರೇನ್, ಜಲಾವೃತ ಅಂದದ್ದು ಇನನ್‌ಡೇಟೆಡ್. ಕೋರ್ಟಿನ ಸುದ್ದಿ ಇನ್ನೂ ಒಳ್ಳೆಯದು. ಜಾಮೀನು ಬೇಲ್ ಆಗುತ್ತದೆ, ಖುಲಾಸೆ ಅಕ್ವಿಟಲ್ ಆಗುತ್ತದೆ, ಅರ್ಜಿ ವಜಾ ಆಯಿತು ಅನ್ನುವಲ್ಲಿ ಪ್ಲೀ ಡಿಸ್‌ಮಿಸ್ ಆಗುತ್ತದೆ. ಈ ಅರ್ಜಿ, ಜಾಮೀನು, ವಜಾ, ಖುಲಾಸೆ ಎಲ್ಲವೂ ಒಂದು ಕಾಲದಲ್ಲಿ ಪರ್ಷಿಯನ್ ಕಚೇರಿ ಭಾಷೆಯ ಮೂಲಕ ನಮಗೆ ಬಂದವು. ಆಗ ನಮ್ಮವರು ಕೆಲಸ ನಡೆಯುತ್ತಾ ನಡೆಯುತ್ತಾ ಕಲಿತರೇ ಹೊರತು ಪಟ್ಟಿ ಇಟ್ಟುಕೊಂಡು ಕೂರಲಿಲ್ಲ.

ಕನ್ನಡದವರಿಗೆ ಇನ್ನೊಂದು ದೊಡ್ಡ ಆಸ್ತಿ ಇದೆ, ನಾವು ದಿನಾ ಬಳಸುವ ಸಂಸ್ಕೃತ ಪದಗಳು. ಕನ್ನಡ ದ್ರಾವಿಡ ಭಾಷೆ, ಇಂಗ್ಲಿಷಿಗೆ ಅದು ನೆಂಟಸ್ತನದ ಭಾಷೆಯಲ್ಲ. ಆದರೆ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದವು ಅಂತ ಬ್ರಿಟಿಷ್ ವಿದ್ವಾಂಸ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತಾದಲ್ಲಿ ಹೇಳಿದ ಮೇಲೆ ಅದು ಎಲ್ಲರಿಗೂ ತಿಳಿದ ವಿಷಯ. ಇಂಗ್ಲಿಷಿನ ಮೇಲ್ಮಟ್ಟದ ಪದಗಳು ಬಹುಪಾಲು ಗ್ರೀಕ್, ಲ್ಯಾಟಿನ್ ಕಡೆಯಿಂದ ಬಂದವು. ಹಾಗಾಗಿ ನಮಗೆ ಒಂದು ಒಳದಾರಿ ಸಿಗುತ್ತದೆ. ಪಾದ ಗೊತ್ತಿದ್ದರೆ ಪೆಡೆಸ್ಟ್ರಿಯನ್, ಪೆಡಲ್ ಹತ್ತಿರವಾಗುತ್ತವೆ. ದಂತಕ್ಕೆ ಡೆಂಟಲ್. ಮೃತ್ಯುವಿಗೆ ಮಾರ್ಟಲ್, ಮಾರ್ಚುರಿ. ವಾಕ್ಕಿಗೆ ವೋಕಲ್, ಅಡ್ವೊಕೇಟ್, ರಿವೋಕ್. ಜ್ಞಾನದ ಜೊತೆಗೆ ಕಾಗ್ನಿಷನ್, ಡಯಾಗ್ನೋಸಿಸ್, ಪ್ರಾಗ್ನೋಸಿಸ್. ಸ್ಥಿರ, ಸ್ಥಾನ ಇವುಗಳ ಕಡೆಯವು ಸ್ಟೇಬಲ್, ಸ್ಟೇಟಸ್, ಸ್ಟ್ಯಾಟಿಕ್. ಪರ್ಷಿಯನ್ ಮಾತಾಡುವವರಿಗೂ ಇದೇ ಅನುಕೂಲ ಇದೆ. ಅವರ ಭಾಷೆ ಈ ಕುಟುಂಬದ್ದೇ, ಅವರಲ್ಲಿ ಹಲ್ಲಿಗೆ ದಂದಾನ್, ಸಹೋದರನಿಗೆ ಬರಾದರ್, ಹೆಸರಿಗೆ ನಾಮ್. ಅವರಿಗೆ ಮನೆಮಾತಿನಲ್ಲೇ ಸಿಗುವುದು ನಮಗೆ ಸಂಸ್ಕೃತದ ಮೂಲಕ ಸಿಗುತ್ತದೆ.

ಪದದ ಶುರುವಿಗೆ ಏನು ಅಂಟಿದರೆ ಅರ್ಥ ಹೇಗೆ ತಿರುಗುತ್ತದೆ ಅನ್ನೋದೂ ನಮಗೆ ಹೊಸದಲ್ಲ. ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ, ಎಲ್ಲದರಲ್ಲೂ ಇರುವುದು ಅದೇ ಹಾರ, ಉಪಸರ್ಗ ಬದಲಾದಂತೆ ಅರ್ಥ ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಇಂಗ್ಲಿಷಿನಲ್ಲೂ ಹಾಗೇ. ಕಂಡಕ್ಟ್, ಪ್ರಾಡಕ್ಟ್, ಡಿಡಕ್ಟ್, ಇಂಡಕ್ಟ್ ಎಲ್ಲದರೊಳಗೆ 'ಕರೆದೊಯ್ಯು' ಅನ್ನುವ ಅರ್ಥದ ಒಂದೇ ಲ್ಯಾಟಿನ್ ಧಾತು ಇದೆ. 'ನೋಡು' ಅನ್ನುವ ಧಾತುವಿನಿಂದ ಇನ್‌ಸ್ಪೆಕ್ಟ್, ಪ್ರಾಸ್ಪೆಕ್ಟ್, ರೆಟ್ರಾಸ್ಪೆಕ್ಟ್, ಪರ್ಸ್‌ಪೆಕ್ಟಿವ್. ಇಂಥ ಇಪ್ಪತ್ತು ಮೂವತ್ತು ಧಾತುಗಳನ್ನು ಚೆನ್ನಾಗಿ ತಿಳಿದುಕೊಂಡರೆ ಊಹೆ ಮಾಡುವ ಧೈರ್ಯ ಬರುತ್ತದೆ. ಆದರೆ ಊಹೆಯನ್ನೇ ಅರ್ಥ ಅಂದುಕೊಳ್ಳಬೇಡಿ. ಪೆಟ್ರೋಲ್ ಟ್ಯಾಂಕರಿನ ಹಿಂದೆ ಬರೆದಿರುವ 'ಇನ್‌ಫ್ಲೇಮಬಲ್' ಅಂದರೆ ಬೆಂಕಿ ಹತ್ತದ್ದು ಅಲ್ಲ, ಬೇಗ ಹತ್ತುವಂಥದ್ದು. 'ಇನ್‌ವ್ಯಾಲ್ಯುಬಲ್' ಅಂದರೆ ಬೆಲೆಯಿಲ್ಲದ್ದು ಅಲ್ಲ, ಬೆಲೆ ಕಟ್ಟಲಾಗದ್ದು. ಊಹೆ ಮಾಡಿ, ಆಮೇಲೆ ಡಿಕ್ಷನರಿಯಲ್ಲಿ ನೋಡಿ.

ಡಿಕ್ಷನರಿ ವಿಷಯದಲ್ಲಿ ಒಂದು ಮಾತು. ಆಕ್ಸ್‌ಫರ್ಡ್, ಲಾಂಗ್‌ಮನ್, ಕೇಂಬ್ರಿಡ್ಜ್ ಮೂವರೂ ಇಂಗ್ಲಿಷ್ ಕಲಿಯುವವರಿಗಾಗಿಯೇ ಮಾಡಿದ ಲರ್ನರ್ಸ್ ಡಿಕ್ಷನರಿಗಳನ್ನು ತಂದಿದ್ದಾರೆ. ಲಾಂಗ್‌ಮನ್‌ನವರು ಸುಮಾರು 2,000 ಸುಲಭ ಪದಗಳಲ್ಲೇ ಎಲ್ಲ ಅರ್ಥಗಳನ್ನೂ ವಿವರಿಸುತ್ತಾರೆ. ಮೂರೂ ನೆಟ್‌ನಲ್ಲಿ ಹಣವಿಲ್ಲದೆ ಸಿಗುತ್ತವೆ. ಗೂಗಲ್‌ಗೆ ಹಾಕಿ ಕನ್ನಡದ ಒಂದೇ ಪದ ಪಡೆದು ಮುಂದೆ ಹೋಗುವುದಕ್ಕಿಂತ ಇದು ಎಷ್ಟೋ ಮೇಲು, ಯಾಕೆಂದರೆ ಇಲ್ಲಿ ಪದದ ಜೊತೆಗಾರರು ಸಿಗುತ್ತಾರೆ.

ಈ ಜೊತೆಗಾರರ ವಿಷಯವೇ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಕನ್ನಡದಲ್ಲಿ ಗಾಳಿ ಬೀಸುತ್ತದೆ, ಮಳೆ ಸುರಿಯುತ್ತದೆ. ಅಪರಾಧ ಎಸಗುತ್ತಾರೆ, ಆದರೆ ಉಪಕಾರ ಎಸಗುವುದಿಲ್ಲ. ಯಾರೂ ನಮಗೆ ಇದನ್ನು ಕಲಿಸಲಿಲ್ಲ, ತಪ್ಪಿದರೆ ಮಾತ್ರ ಕಿವಿಗೆ ಚುಚ್ಚುತ್ತದೆ. ಇಂಗ್ಲಿಷ್ ಪದಗಳಿಗೂ ಹೀಗೇ ಗೆಳೆತನ, ದ್ವೇಷ ಇದೆ. 'ಕನ್‌ಕ್ಲೂಷನ್' ಬಂದರೆ ಡ್ರಾ ಮಾಡುತ್ತಾರೆ, 'ಡಿಸಿಷನ್' ಬಂದರೆ ರೀಚ್ ಆಗುತ್ತಾರೆ, 'ರಿಸ್ಕ್' ಪೋಸ್ ಆಗುತ್ತದೆ, 'ಅಟೆನ್ಷನ್' ಪೇ ಮಾಡುತ್ತಾರೆ. ಕೆಲವು ನಮ್ಮ ಮಾತಿಗೆ ಸರಿಯಾಗಿ ಕೂರುತ್ತವೆ, ಪ್ರಶ್ನೆ ಎತ್ತುವುದು ಇಂಗ್ಲಿಷಿನಲ್ಲೂ ರೈಸ್ ಮಾಡುವುದೇ. ಕೆಲವು ಕೂರುವುದಿಲ್ಲ. ನಮ್ಮಲ್ಲಿ ಊಟ, ಸ್ನಾನ, ಫೋನ್, ಹೋಮ್‌ವರ್ಕ್ ಎಲ್ಲದಕ್ಕೂ 'ಮಾಡು' ಒಂದೇ ಸಾಕು, ಇಂಗ್ಲಿಷಿನಲ್ಲಿ ಹ್ಯಾವ್, ಟೇಕ್, ಮೇಕ್, ಡೂ ಬೇರೆ ಬೇರೆ ಬೇಕು. ಹಾಗಾಗಿ ಒಂಟಿ ಪದ ಬರೆದಿಟ್ಟುಕೊಂಡರೆ ಪ್ರಯೋಜನ ಕಡಿಮೆ.

'ಮಿಟಿಗೇಟ್' ಪದವನ್ನೇ ತಗೊಳ್ಳಿ. ಪ್ರವಾಹದ ವರದಿಯಲ್ಲಿ ಸಿಕ್ಕಿತು ಅಂದುಕೊಳ್ಳಿ. ನೋಟ್‌ಬುಕ್ಕಿನಲ್ಲಿ ಮೊದಲು ಅದು ಸಿಕ್ಕ ವಾಕ್ಯವನ್ನೇ ಇಳಿಸಿಕೊಳ್ಳಿ. ಕೆಳಗೆ ಕನ್ನಡದಲ್ಲಿ, ಹಾನಿಯ ತೀವ್ರತೆ ತಗ್ಗಿಸುವುದು, ಪೂರ್ತಿ ನಿಲ್ಲಿಸುವುದಲ್ಲ ಅಂತ ಬರೆಯಿರಿ. ಆಮೇಲೆ ಜೊತೆಗಾರರು: ರಿಸ್ಕ್, ಡ್ಯಾಮೇಜ್, ಇಂಪ್ಯಾಕ್ಟ್. ಕೆಟ್ಟದ್ದರ ಜೊತೆ ಮಾತ್ರ ಬರುವ ಪದ ಇದು, ಬೆಲೆ ಇಳಿಸಿದರೆ ಮಿಟಿಗೇಟ್ ಅನ್ನುವುದಿಲ್ಲ ಅಂತ ಪಕ್ಕದಲ್ಲಿ ಒಂದು ಗುರುತು. ಕೊನೆಗೆ ನಿಮ್ಮ ಆಫೀಸಿನ ಕೆಲಸಕ್ಕೆ ಹೊಂದುವ ಒಂದು ಸ್ವಂತ ವಾಕ್ಯ. ಇಷ್ಟು ಮಾಡಲು ಐದು ನಿಮಿಷ ಬೇಕು, ದಿನಕ್ಕೆ ಮೂರ್ನಾಲ್ಕು ಪದಕ್ಕಿಂತ ಜಾಸ್ತಿ ಆಗುವುದಿಲ್ಲ. ಅಷ್ಟೇ ಸಾಕು.

ಬೆಂಗಳೂರಿನವರು ಇನ್ನೊಂದು ಕಡೆ ಹುಷಾರಾಗಿರಬೇಕು. ನಾವು ದಿನಾ ಆಡುವ ಎಷ್ಟೋ ಇಂಗ್ಲಿಷ್ ಪದಗಳು ಈಗ ಕನ್ನಡದ ಪದಗಳೇ ಆಗಿವೆ, ಅರ್ಥವೂ ನಮ್ಮದೇ. ಮನೆ ಕಟ್ಟುವ ಜಾಗ ನಮಗೆ ಸೈಟು, ಹೊರಗಿನವರಿಗೆ ಅದು ಪ್ಲಾಟ್. ಪ್ರಶ್ನೆ ಕೇಳಬೇಕಿದ್ದರೆ ನಾವು ಡೌಟ್ ಇದೆ ಅನ್ನುತ್ತೇವೆ, ಬೇರೆ ದೇಶದವರ ಕಿವಿಗೆ ಅದು ನಿಮ್ಮ ಮಾತಿನ ಮೇಲೆ ನಂಬಿಕೆಯಿಲ್ಲ ಅಂದ ಹಾಗೆ ಕೇಳಬಹುದು. ಪಾಸ್ ಔಟ್ ಅಂದರೆ ನಮಗೆ ಡಿಗ್ರಿ ಮುಗಿಸಿದ್ದು, ಅವರಿಗೆ ಎಚ್ಚರ ತಪ್ಪಿ ಬಿದ್ದದ್ದು. ನಮ್ಮಲ್ಲಿ ಆಡುವಾಗ ಇವು ತಪ್ಪಲ್ಲ, ನಾಚಿಕೆ ಪಡುವುದೂ ಬೇಡ, ಆದರೆ ಹೊರಗಿನವರಿಗೆ ಬರೆಯುವಾಗ ಬದಲಿಸಿ. ಅದೇ ರೀತಿ ಡಿಸ್ಕಸ್ ಆದಮೇಲೆ ಅಬೌಟ್ ಬೇಡ, ಎಂಫಸೈಜ್ ಆದಮೇಲೆ ಆನ್ ಬೇಡ, ಕೋಪ್ ಮತ್ತು ವಿತ್ ನಡುವೆ ಅಪ್ ಬೇಡ.

ಪದದ ಮರ್ಯಾದೆಯನ್ನೂ ನೋಡಬೇಕು. ನಮ್ಮಲ್ಲಿ ಸತ್ತರು, ತೀರಿಕೊಂಡರು, ನಿಧನರಾದರು ಮೂರೂ ಒಂದೇ ಸಂಗತಿ, ಆದರೆ ಎಲ್ಲಿ ಯಾವುದು ಅಂತ ಎಲ್ಲರಿಗೂ ಗೊತ್ತು. ಇಂಗ್ಲಿಷಿನಲ್ಲಿ ಡೈಡ್, ಪಾಸ್ಡ್ ಅವೇ ನಡೆಯುತ್ತವೆ. 'ಎಕ್ಸ್‌ಪೈರ್ಡ್' ಅನ್ನುವುದನ್ನು ಇವತ್ತಿನ ಇಂಗ್ಲಿಷಿನಲ್ಲಿ ಹಾಲಿನ ಪ್ಯಾಕೆಟ್ಟಿಗೆ, ಪಾಸ್‌ಪೋರ್ಟಿಗೆ ಬಿಟ್ಟು ತೀರಿಹೋದ ಹಿರಿಯರಿಗೆ ಬಳಸದಿರುವುದೇ ಒಳ್ಳೆಯದು.

ಮರೆಯದಿರುವ ಉಪಾಯ ಹಳೆಯದೇ. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ಪ್ರಯೋಗ ಮಾಡಿ, ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ವೇಗವಾಗಿ ಸೋರಿಹೋಗುತ್ತದೆ ಅಂತ ತೋರಿಸಿದ್ದ. ಹಾಗಾಗಿ ನಾಳೆ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು, ತಿಂಗಳು ಬಿಟ್ಟು ನೋಡಬೇಕು. ಆಂಕಿ ಅನ್ನುವ ಆ್ಯಪ್ ಈ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ, ಆಂಡ್ರಾಯ್ಡ್ ಫೋನಿಗೆ ಹಣ ಕೊಡಬೇಕಿಲ್ಲ. ಬೇರೆಯವರು ಮಾಡಿಟ್ಟ ಕಾರ್ಡುಗಳನ್ನು ಇಳಿಸಿಕೊಳ್ಳಬೇಡಿ, ನಿಮ್ಮ ನೋಟ್‌ಬುಕ್ಕಿನ ವಾಕ್ಯಗಳಿಂದಲೇ ಮಾಡಿಕೊಳ್ಳಿ. ವಾಕ್ಯದಲ್ಲಿ ಪದದ ಜಾಗ ಖಾಲಿ ಬಿಟ್ಟು, ಅಲ್ಲೇ ಕನ್ನಡದ ಅರ್ಥ ಕೊಟ್ಟು, ಪದವನ್ನು ನೀವೇ ನೆನಪಿಸಿಕೊಳ್ಳುವ ಹಾಗೆ ಇರಲಿ. ಮೆಟ್ರೋದಲ್ಲಿ ನಿಂತೇ ಮಾಡಬಹುದು. ಸಿಲ್ಕ್ ಬೋರ್ಡ್ ದಾಟುವ ಬಸ್ಸಿನಲ್ಲಂತೂ ಸಮಯಕ್ಕೆ ಕೊರತೆಯಿಲ್ಲ.

ಉಚ್ಚಾರಣೆ ಬಗ್ಗೆ ಸ್ವಲ್ಪ. ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಒಂದೇ ತೂಕ. ಇಂಗ್ಲಿಷಿನಲ್ಲಿ ಒಂದು ಭಾಗದ ಮೇಲೆ ಒತ್ತು ಬೀಳುತ್ತದೆ, ಅದು ತಪ್ಪಿದರೆ ಸರಿಯಾದ ಪದವೂ ಕೇಳುವವರಿಗೆ ತಿಳಿಯುವುದಿಲ್ಲ. 'ಡೆವಲಪ್‌ಮೆಂಟ್'ನಲ್ಲಿ ಒತ್ತು 'ವೆ' ಮೇಲೆ. 'ಇಕ್', 'ಇಟಿ', 'ಷನ್' ಅಂತ ಮುಗಿಯುವ ಪದಗಳಲ್ಲಿ ಸಾಮಾನ್ಯವಾಗಿ ಒತ್ತು ಅದರ ಹಿಂದಿನ ಭಾಗಕ್ಕೆ ಹೋಗುತ್ತದೆ. ಹಾಗಾಗಿ ಎಕಾನಮಿಯಲ್ಲಿ 'ಕಾ' ಮೇಲಿದ್ದ ಒತ್ತು ಎಕನಾಮಿಕ್‌ನಲ್ಲಿ 'ನಾ' ಮೇಲೆ ಬರುತ್ತದೆ. ಹೊಸ ಪದ ಬರೆದುಕೊಳ್ಳುವಾಗಲೇ ಒತ್ತಿನ ಜಾಗದ ಕೆಳಗೆ ಗೆರೆ ಎಳೆದುಬಿಡಿ.

ಓದಲು ದುಡ್ಡು ಸುರಿಯಬೇಕಿಲ್ಲ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯ ಇದೆ, ಅವೆನ್ಯೂ ರಸ್ತೆಯಲ್ಲೂ ಚರ್ಚ್ ಸ್ಟ್ರೀಟಿನಲ್ಲೂ ಹಳೆಯ ಪುಸ್ತಕ ಕಡಿಮೆ ಬೆಲೆಗೆ ಸಿಗುತ್ತವೆ. ಒಂದು ಪುಟದಲ್ಲಿ ಐದಾರಕ್ಕಿಂತ ಜಾಸ್ತಿ ಹೊಸ ಪದ ಬಂದರೆ ಆ ಪುಸ್ತಕ ಸದ್ಯಕ್ಕೆ ಬಿಡಿ, ಇನ್ನೊಂದು ತಗೊಳ್ಳಿ.

ಕಲಿತ ಪದವನ್ನು ಆ ವಾರದೊಳಗೆ ಒಮ್ಮೆಯಾದರೂ ನಿಜವಾದ ಮೇಲ್‌ನಲ್ಲೋ ರಿಪೋರ್ಟಿನಲ್ಲೋ ಬಳಸಿ, ಆದರೆ ಒಂದು ಮೇಲ್‌ಗೆ ಒಂದೇ. ಎಲ್ಲವನ್ನೂ ಒಟ್ಟಿಗೆ ತುರುಕಿದರೆ ಓದುವವರಿಗೆ ಹಿಂಸೆ. ಇಂಗ್ಲಿಷ್ ಚೆನ್ನಾಗಿ ಬಲ್ಲ ಒಬ್ಬ ಸಹೋದ್ಯೋಗಿಗೆ ಮೊದಲೇ ಹೇಳಿಡಿ, ಪದ ಕೂರದಿದ್ದರೆ ಹೇಳು ಮಾರಾಯ ಅಂತ. ಮತ್ತೆ ತಿಂಗಳಿಗೊಮ್ಮೆ ಕಾರ್ಡುಗಳನ್ನು ಜಾಲಾಡಿ. ಎಷ್ಟು ಓದಿದರೂ ಎಲ್ಲೂ ಎದುರಾಗದ, ನಿಮ್ಮ ಕೆಲಸಕ್ಕೂ ಬೇಡದ ಪದ ಇದ್ದರೆ ಅದನ್ನು ಅಳಿಸಿ, ಆ ಜಾಗಕ್ಕೆ ಈ ವಾರದ ಪೇಪರಿನಲ್ಲಿ ಎರಡು ಸಲ ಕಂಡ ಪದವನ್ನು ಸೇರಿಸಿ.