1947ರ ಅಧಿಕಾರಿಯ ಸೇವಾ ಷರತ್ತು ಪತ್ತೆ ಹಚ್ಚುವುದು: ನನ್ನ ಅನುಭವ

ಹಳೆಯ ಸೇವಾ ದಾಖಲೆ ಕೈಗೆ ಬಂದರೆ ನಾನು ಹುದ್ದೆ, ಸಂಬಳ ಮೊದಲು ನೋಡುವುದಿಲ್ಲ. ನೇಮಿಸಿದವರು ಯಾರು ಎಂಬುದನ್ನು ಹುಡುಕುತ್ತೇನೆ. 1947ರ ಭಾರತ ಸ್ವಾತಂತ್ರ್ಯ ಕಾಯ್ದೆಯ 10ನೇ ಕಲಮು ಸಿವಿಲ್ ಸೇವೆಗಳಲ್ಲಿ ಕಾಪಾಡಿದ್ದು ಲಂಡನ್ನಿನ ಭಾರತ ಮಂತ್ರಿಯಿಂದ (ಬ್ರಿಟಿಷ್ ಸಂಪುಟದಲ್ಲಿ ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಸಚಿವ) ನೇಮಕಗೊಂಡು, ಆಗಸ್ಟ್ 15ರ ನಂತರವೂ ಕೆಲಸದಲ್ಲಿ ಉಳಿದವರನ್ನು. ಅವರ ಸಂಬಳ, ರಜೆ, ಪಿಂಚಣಿ, ಶಿಸ್ತುಕ್ರಮದ ಹಕ್ಕುಗಳು ಮೊದಲಿನಂತೆಯೇ ಇರಬೇಕು, ಇಲ್ಲವೇ ಬದಲಾದ ಪರಿಸ್ಥಿತಿಯಲ್ಲಿ ಆದಷ್ಟೂ ಅದಕ್ಕೆ ಹತ್ತಿರವಿರಬೇಕು. ಈ ಎರಡನೆಯ ತುಂಡನ್ನು ಬಿಟ್ಟು ಓದಿದರೆ ಅರ್ಥವೇ ಕೆಡುತ್ತದೆ.

ಹೆಚ್ಚು ಜನ ಎಡವುವುದು ಹುದ್ದೆಯ ಹೆಸರಿನಲ್ಲಿ. ಧಾರವಾಡದಲ್ಲೋ ಮಂಗಳೂರಿನಲ್ಲೋ ಕಲೆಕ್ಟರ್ ಆಗಿದ್ದರು ಅಂದ ಮಾತ್ರಕ್ಕೆ ಐಸಿಎಸ್ (ಭಾರತ ಮಂತ್ರಿ ನೇಮಿಸುತ್ತಿದ್ದ ಇಂಡಿಯನ್ ಸಿವಿಲ್ ಸರ್ವಿಸ್) ಅಲ್ಲ. ಪ್ರಾಂತೀಯ ಸೇವೆಯವರೂ 'ಲಿಸ್ಟೆಡ್ ಪೋಸ್ಟ್'ಗಳಲ್ಲಿ, ಅಂದರೆ ಐಸಿಎಸ್ ಹುದ್ದೆಗಳ ಪೈಕಿ ಪ್ರಾಂತೀಯ ಸೇವೆಯವರಿಗೂ ತೆರೆದಿಟ್ಟವುಗಳಲ್ಲಿ, ಅದೇ ಕುರ್ಚಿಯಲ್ಲಿ ಕೂರುತ್ತಿದ್ದರು. ಮೈಸೂರು ಸಿವಿಲ್ ಸರ್ವಿಸ್‌ನವರಂತೂ ಮಹಾರಾಜರ ಸರ್ಕಾರದವರು, ಈ ಕಲಮಿನ ಹೊರಗೆ. ಬದಲಿಗೆ ಇಂಡಿಯನ್ ಎಜುಕೇಶನಲ್ ಸರ್ವಿಸ್‌ನಂಥ ಕಡೆ ಲಂಡನ್ನಿನ ನೇಮಕಾತಿ 1924ರಲ್ಲೇ ನಿಂತಿದ್ದರೂ, ಅದಕ್ಕೂ ಮೊದಲು ಸೇರಿದ ಹಳಬರು ಒಳಗೇ ಬರುತ್ತಾರೆ.

ಆಮೇಲೆ ಎರಡು ಕಾಗದ ಹುಡುಕಬೇಕು. ಒಂದು, ಅಧಿಕಾರ ಹಸ್ತಾಂತರದಿಂದ ಸೇವೆ ಅವಧಿಗೆ ಮೊದಲೇ ಮುಗಿದವರಿಗಾಗಿ 1947ರ ಏಪ್ರಿಲ್ 30ರಂದು ಪ್ರಕಟವಾದ ಪರಿಹಾರ ಯೋಜನೆಗೆ ಸಂಬಂಧಿಸಿದ್ದು. ಪರಿಹಾರ ಮುಖ್ಯವಾಗಿ ಯುರೋಪಿಯನ್ ಅಧಿಕಾರಿಗಳಿಗೆ. ಭಾರತೀಯರಿಗೆ ಕೆಲವು ನಿರ್ದಿಷ್ಟ ಸಂದರ್ಭಗಳಲ್ಲಿ ಮಾತ್ರ. ಎರಡನೆಯದು ಮುಂದೆ ಸೇವೆ ಭಾರತದಲ್ಲೋ ಪಾಕಿಸ್ತಾನದಲ್ಲೋ ಎಂಬ ಆಯ್ಕೆಪತ್ರ. ಅದರಲ್ಲಿ 'ತಾತ್ಕಾಲಿಕ' ಎಂದಿದ್ದರೆ ಅಲ್ಲಿಗೇ ನಿಲ್ಲಬೇಡಿ. ಆರು ತಿಂಗಳೊಳಗೆ ಮನಸ್ಸು ಬದಲಿಸಲು ಅವಕಾಶವಿತ್ತು. ಮುಂದಿನ ಫೆಬ್ರುವರಿಯವರೆಗಿನ ಹಾಳೆಗಳನ್ನೂ ತಿರುವಿ.

ಪಿಂಚಣಿಯ ಲೆಕ್ಕಕ್ಕೆ ನಾನು ಹೆಚ್ಚು ಸಮಯ ಕೊಡುತ್ತೇನೆ. ಐಸಿಎಸ್ ಪಿಂಚಣಿ ವರ್ಷಕ್ಕೆ 1,000 ಪೌಂಡ್. ರೂಪಾಯಿಗೆ 1 ಶಿಲ್ಲಿಂಗ್ 6 ಪೆನ್ಸ್ ದರದಲ್ಲಿ ಅದು 13,333 ರೂಪಾಯಿ 5 ಆಣೆ 4 ಪೈ. 1949ರಲ್ಲಿ ಪೌಂಡಿನ ಜೊತೆ ರೂಪಾಯಿಯೂ ಇಳಿದದ್ದರಿಂದ ಲೆಕ್ಕ ಕದಲಲಿಲ್ಲ. 1966ರ ಜೂನ್‌ನಲ್ಲಿ ರೂಪಾಯಿಯೊಂದೇ ಇಳಿಯಿತು, ಅದೇ 1,000 ಪೌಂಡ್ 21,000 ರೂಪಾಯಿಗೆ ಸಮವಾಯಿತು. ಮರುವರ್ಷ ನವೆಂಬರ್‌ನಲ್ಲಿ ಪೌಂಡ್ ಇಳಿದು 18,000ಕ್ಕೆ ಬಂತು. ಹಾಗಾಗಿ ಪ್ರತಿ ಮೊತ್ತದ ಪಕ್ಕ ದಿನಾಂಕ ಬರೆಯದೆ ಮುಂದೆ ಹೋಗಬಾರದು. ಸಂವಿಧಾನದ 314ನೇ ವಿಧಿ ಈ ಷರತ್ತುಗಳನ್ನು ಉಳಿಸಿಕೊಂಡು ಬಂದಿತ್ತು. 1972ರಲ್ಲಿ 28ನೇ ತಿದ್ದುಪಡಿ ಅದನ್ನು ಕಿತ್ತುಹಾಕಿತು. ಪೌಂಡಿನಲ್ಲಿ ಪಿಂಚಣಿ ಕೇಳುವ ಹಕ್ಕನ್ನು ಅದೇ ವರ್ಷದ ಕಾಯ್ದೆ ತೆಗೆಯಿತು.